ರೊಟ್ಟಿ ಕೇಂದ್ರದ ಗ್ರಂಥಿಬಳೆ

ರೊಟ್ಟಿ ಕೇಂದ್ರದ ಗೋಡೆಯ ಪರದೆಯ ಮೇಲೆ ಹೆಸರು ಮೂಡಿತು: ‘ಸಿಂಚನಾ, ಇಂದು ವಿಶ್ರಾಂತಿ.’

ದಾನಮ್ಮನ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಸಿಂಚನಾ ಅವಳ ಓರಗಿತ್ತಿ, ಮೈದುನನ ಹೆಂಡತಿ. ಹತ್ತು ರೊಟ್ಟಿ ಬಡಿದು ಮೇಲೇಳುವ ಅವಳಿಗೆ ಗಾದಿ, ಇನ್ನೂರು ಬಡಿಯುವ ತನಗೆ ಹಂಚಿನ ಕಾವು! ಅತ್ತೆಯೂ ಅವಳಿಗೇ ಮಜ್ಜಿಗೆ ಕೊಡುತ್ತಿದ್ದಳು.

ಇದೆಲ್ಲ ಡಾಕ್ಟರ್ ಮಹಾನಂದಾ ಕಂಡುಹಿಡಿದ ಬಳೆಯ ಮಹಿಮೆ. ಮೈಯ ಗ್ರಂಥಿಗಳು ರಕ್ತಕ್ಕೆ ಬಿಡುವ ಹಾರ್ಮೋನುಗಳನ್ನು ಅದು ಬೆವರಿನಲ್ಲೇ ಅಳೆಯುತ್ತಿತ್ತು. ಥೈರಾಯ್ಡಿನಂಥ ಮನೆಮನೆಯ ತೊಂದರೆಯಿರಲಿ, ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆಯಿರಲಿ, ತಪ್ಪಿಸಿಕೊಳ್ಳುತ್ತಿರಲಿಲ್ಲ. ಸಿಂಚನಾಳದು ಅಪರೂಪದ್ದು. ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ಸೋತಿತ್ತು. ದಿನದ ಮಾತ್ರೆಯನ್ನು ಬಳೆಯ ಲೆಕ್ಕದಂತೆ ಕೇಂದ್ರದ ಯಂತ್ರವೇ ಅಳೆದು ಕೊಡುತ್ತಿತ್ತು.

ರೊಟ್ಟಿ ಬಡಿಯುವಾಗ ಹೆಂಗಸರೆಲ್ಲ ನೋಡಲು ಒಂದೇ ಥರದ ಬಳೆಗಳನ್ನು ತೆಗೆದು ಗೋಡೆಯ ಮೊಳೆಗೆ ಸಿಕ್ಕಿಸುತ್ತಿದ್ದರು. ಸೋಮವಾರ ದಾನಮ್ಮ ತನ್ನ ಬಳೆಯನ್ನು ಸಿಂಚನಾಳ ಮೊಳೆಗೆ ಹಾಕಿ, ಅವಳದನ್ನು ತಾನು ತೊಟ್ಟಳು. ಇನ್ನೊಬ್ಬರ ರೋಗಕ್ಕೆ ಯಾರು ಆಸೆಪಟ್ಟಾರು ಎಂದುಕೊಂಡ ಡಾಕ್ಟರ್, ಬಳೆ ಯಾರ ಕೈಯಲ್ಲಿದೆಯೆಂದು ಗುರುತಿಸುವ ಏರ್ಪಾಡನ್ನೇ ಇಟ್ಟಿರಲಿಲ್ಲ.

ಸಿಂಚನಾಳ ಮೈಯ ಅಳತೆ ದಾನಮ್ಮನ ಹೆಸರಿಗೆ ಬಂದು, ಮಂಗಳವಾರ ಪರದೆ ದಾನಮ್ಮನಿಗೆ ವಿಶ್ರಾಂತಿ ಕೊಟ್ಟಿತು. ಯಂತ್ರ ಕೊಟ್ಟ ಮಾತ್ರೆಯನ್ನು ಅವಳು ಸೆರಗಿಗೆ ಕಟ್ಟಿಕೊಂಡಳು. ಎರಡು ದಿನಕ್ಕೆ ಏನಾದೀತು?

“ನನಗ ಗುಣ ಆತಂತ ಯಕ್ಕಾ! ಮಾತ್ರಿ ಬ್ಯಾಡಂತ!” ಸಿಂಚನಾ ಕುಣಿದಾಡಿದಳು. ದಾನಮ್ಮ ಗಾದಿಯ ಮೇಲೆ ಕಾಲು ಚಾಚಿ ಮಜ್ಜಿಗೆ ಕುಡಿದಳು. ಆಹಾ, ಎಂಥ ಸುಖ!

ಗುರುವಾರ ಮುಂಜಾನೆ ಸಿಂಚನಾ ವಾಂತಿ ಮಾಡಿಕೊಂಡು ಹಂಚಿನ ಪಕ್ಕದಲ್ಲೇ ಕುಸಿದಳು. ದಾನಮ್ಮ ಸೆರಗಿನ ಗಂಟು ಬಿಚ್ಚಿ ಮಾತ್ರೆಗಳನ್ನು ಮುಂದೆ ಹಿಡಿದಳು. “ಬಳಿ ಅದಲಿಬದಲಿ ಮಾಡೀನ್ರೀ! ಮಾತ್ರಿ ನನ್ನ ಹಂತ್ಯಾಕ ಅದಾವ್ರೀ!” ಎಂದು ಬೊಬ್ಬೆ ಹೊಡೆದಳು. ಅದನ್ನು ಕೇಳಿದ್ದರಿಂದಲೇ ಆಸ್ಪತ್ರೆಯಲ್ಲಿ ಸೂಜಿ ಸಕಾಲಕ್ಕೆ ಬಿತ್ತು.

ಸಂಜೆ ಡಾಕ್ಟರ್ ಮಹಾನಂದಾ ಆಸ್ಪತ್ರೆಗೆ ಕಿಡಿಕಿಡಿಯಾಗಿ ಬಂದರು. “ಹೊಟ್ಟಿಕಿಚ್ಚಿಗೆ ಒಂದು ಜೀವಾನ ತಗೀತಿದ್ದೆಲ್ಲವಾ! ನಿನ್ನ ಗ್ರಂಥಿ ಎಲ್ಲಾ ಸರಿ ಅದಾವ. ನಿನಗೇನು ಕಡಿಮಿ ಆಗಿತ್ತು?”

“ಎಲ್ಲಾ ಸರಿ ಇದ್ದದ್ದ ತಪ್ಪಾತು ನೋಡ್ರೀ,” ದಾನಮ್ಮ ಬಿಕ್ಕಿದಳು. “ನಿಮ್ಮ ಈ ಕೈಬಳಿ ಬರೂಕಿಂತ ಮೊದಲ ಒಬ್ಬರಿಗೊಬ್ಬರು ಸಾಕಾತೇನ ಅಂತ ಕೇಳತಿದ್ವಿ. ಈಗ ಎಲ್ಲಾರೂ ಪರದೆ ನೋಡತಾರ. ಸರಿ ಇದ್ದಾಕಿ ದಣೀಬಾರದೇನ್ರೀ? ನಾ ಮಾಡಿದ್ದು ಪಾಪ ಖರೆ. ಆದರ ನನಗ ಕೂಡ್ರು ಅನ್ನೋರು ಯಾರ್ರೀ?”

ನಾಲ್ಕು ವರ್ಷ ತಿಂಗಳಿಗೊಮ್ಮೆ ಕೇಂದ್ರಕ್ಕೆ ಬಂದಿದ್ದರೂ ಡಾಕ್ಟರೂ ಪರದೆಯನ್ನೇ ಓದಿ ಹೋಗಿದ್ದರು.

ಅಷ್ಟರಲ್ಲಿ ಹಾಸಿಗೆಯಲ್ಲಿ ಸಿಂಚನಾ ಕಣ್ಣು ಬಿಟ್ಟಳು. ನಡೆದದ್ದೇನೂ ಅವಳಿಗೆ ತಿಳಿದಿರಲಿಲ್ಲ.

“ಯಕ್ಕಾ, ಮುಂಜಾನಿಂದ ನಿಂತ ಅದೀಯೇನ? ಸಾಕಾಗಿರತೈತಿ, ಕೂಡ್ರು,” ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದಳು.

ಕೂರಲು ದಾನಮ್ಮನಿಗೆ ಮುಖವಿರಲಿಲ್ಲ.