ಫುಕಟ್ ನೆಟ್ಟಿನ ಹುಡುಗ

"ಹರಿದ್ರೇನ್ರಿ? ತಗೋರಿ, ಇನ್ನೊಂದ್ ಹರೀರಿ. ಸಂಜೀತನಕ ಇಷ್ಟೂ ಖಾಲಿ ಮಾಡಬೇಕ್ ನಾನು!"

ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಗರ್ದಿಯಲ್ಲಿ, ಹರಿದ ಕರಪತ್ರ ಹಿಡಿದುಕೊಂಡು ದಿಶಾ ತಬ್ಬಿಬ್ಬಾದಳು. ಬೈಯುತ್ತಾನೆ ಎಂದುಕೊಂಡಿದ್ದಳು. ಇವನು ನಗುತ್ತಿದ್ದಾನೆ!

ಅವನು ಬಸವಕುಮಾರ್. ವಿಜಾಪುರದ ಮನೆತನ, ಕಲ್ಯಾಣದಲ್ಲಿ ವಾಸ, 'ಫುಕಟ್ ನೆಟ್' ಹಂಚುವ ಕಂಪನಿಯಲ್ಲಿ ಸೇಲ್ಸ್ ಕೆಲಸ. ಆ ನೆಟ್ಟಿನಲ್ಲಿ ಕಂಪನಿ ಆರಿಸಿದ ಕೆಲವು ಆ್ಯಪ್‌ಗಳು ಮಾತ್ರ ಪುಕ್ಕಟೆ. ಉಳಿದ ಜಗತ್ತಿಗೆ ದುಡ್ಡು. ಇಂಟರ್ನೆಟ್ಟಿನಲ್ಲಿ ಎಲ್ಲವೂ ಎಲ್ಲರಿಗೂ ಒಂದೇ ವೇಗದಲ್ಲಿ ತೆರೆಯಬೇಕು ಎಂದು ಫಲಕ ಹಿಡಿದು ನಿಂತವರ ಗುಂಪಿನವಳು ದಿಶಾ.

"ಬಡವರಿಗೆ ಬಾಗಿಲು ತೆಗಿತೇವೆ ಅಂತ ಹೇಳಿ ಕಿಟಕಿ ತೋರಿಸ್ತೀರಲ್ಲ, ಶರಮ್ ಆಗೋದಿಲ್ವಾ?"

"ಆಗ್ತದ್ರಿ. ಪಗಾರದ ದಿನ ಸ್ವಲ್ಪ ಕಡಿಮಿ ಆಗ್ತದ."

ಜಗಳ ದಿನವೂ ಅದೇ ಸೇತುವೆಯ ಮೇಲೆ ಮುಂದುವರಿದು, ಕೊನೆಗೆ ಕೆಳಗಿಳಿದು ಕಟಿಂಗ್ ಚಹಾದ ಅಂಗಡಿ ಸೇರಿತು. ಶತ್ರುವಿನ ಜೊತೆ ಕುಡಿದ ಚಹಾ ಇಷ್ಟು ಸಿಹಿಯಾ...? ಒಂದು ಸಂಜೆ ಅವನು, "ನೀವ್ ಹೇಳೂದು ಖರೇ ಅದ. ಬ್ಯಾರೆ ನೌಕ್ರಿ ಹುಡುಕಾಕತ್ತೀನಿ," ಎಂದ. ದಿಶಾ ಅದನ್ನು ಪ್ರೇಮನಿವೇದನೆ ಎಂದೇ ತಿಳಿದಳು. ಚಳವಳಿಯ ಹುಡುಗಿಯರಿಗೆ ಅಷ್ಟು ಸಾಕು.

ಸಂಕ್ರಾಂತಿ ಕಳೆದು ಕನ್ನಡ ಸಂಘದಲ್ಲಿ ಹಳದಿ-ಕುಂಕುಮ; ಬಂದ ಹೆಂಗಸರಿಗೆಲ್ಲ ಕುಂಕುಮ ಹಚ್ಚಿ ಉಡುಗೊರೆ ಕೊಡುವ ದಿನ. ಮಹಿಳಾ ವಿಭಾಗದ ಅಧ್ಯಕ್ಷೆ ದಿಶಾಳ ಅಮ್ಮ, ರತ್ನಾವತಿ. ದಿಶಾ ಬಾಗಿಲಿಗೆ ಬರುವಾಗ ಹೆಂಗಸರು ಸಾಲಾಗಿ ಹೊರಬರುತ್ತಿದ್ದರು. ಒಂದು ಕೈಯಲ್ಲಿ ಹೊಸ ಸ್ಟೀಲ್ ಡಬ್ಬಿ, ಇನ್ನೊಂದರಲ್ಲಿ ಮೊಬೈಲ್. ಮೊಬೈಲಿನ ಮೇಲೆ ಒಂದೇ ಸಾಲು: 'ಫುಕಟ್ ನೆಟ್ ಬೇಕೆಂಬ ನಿಮ್ಮ ಪತ್ರ ಸರ್ಕಾರಕ್ಕೆ ತಲುಪಿತು.'

"ಎಂತ ಒತ್ತಿದ್ರಿ, ಆಂಟಿ?"

"ಯಾರಿಗ್ಗೊತ್ತು ಮಾರಾಯ್ತಿ! ಹಳದಿ-ಕುಂಕುಮದಲ್ಲಿ ಕೊಟ್ಟದ್ದನ್ನು ಬೇಡ ಅನ್ಲಿಕ್ಕುಂಟಾ?"

ಡಬ್ಬಿ ಹಂಚುತ್ತಿದ್ದವನು... ಬಸವಕುಮಾರ್!

ದಿಶಾಳ ಮೊಬೈಲ್ ಮೇಲೆದ್ದಿತು. "ನೋಡಿ ಇವನನ್ನ! ಡಬ್ಬಿ ಕೊಟ್ಟು ಅಮಾಯಕ ಹೆಂಗಸರ ಹೆಸರು ಕದಿಯುವ ಕಳ್ಳ! ಹೇಳ್ರೀ, ಒತ್ತಿಸಿದ್ದು ಯಾರು?"

ಅವನು ಒಮ್ಮೆ ಸಭಾಂಗಣದ ಒಳಗೆ ನೋಡಿದ, ಒಮ್ಮೆ ಅವಳ ಮುಖ ನೋಡಿದ. ಬಾಯಿ ಬಿಡಲಿಲ್ಲ.

'ನಿನ್ನನ್ನ ನಂಬಿದ್ದೆನಲ್ಲ...' ಅವಳ ಕಣ್ಣು ತುಂಬಿತು. ಕ್ಯಾಮೆರಾ ಮಾತ್ರ ಅಲುಗಲಿಲ್ಲ.

ವಿಡಿಯೋವನ್ನು ಲಕ್ಷಗಟ್ಟಲೆ ಜನ ನೋಡಿದರು. ಡಬ್ಬಿ ಕೊಂಡುಕೊಟ್ಟ ಕಂಪನಿಯೇ, ಅದು ಇವನ ಸ್ವಂತ ಬುದ್ಧಿ ಎಂದು ಅವನನ್ನು ಕೆಲಸದಿಂದ ತೆಗೆಯಿತು. ಅವನ ತಂಗಿಯ ನಿಶ್ಚಿತಾರ್ಥ ಮುರಿದುಬಿತ್ತು. ಅದೇ ತಿಂಗಳು ಸರ್ಕಾರ ಫುಕಟ್ ನೆಟ್ಟನ್ನು ತಡೆಯಿತು; ದಿಶಾಳ ಗುಂಪು ಕೇಕ್ ಕತ್ತರಿಸಿತು.

ಕೇಕ್ ತಿನ್ನುತ್ತಾ ಅವಳು ತನ್ನ ವಿಡಿಯೋ ಇನ್ನೊಮ್ಮೆ ನೋಡಿದಳು. ಗೆದ್ದವರು ನೋಡುತ್ತಾರೆ. ಆಗ ಕಂಡಿತು... ಅವನ ಹಿಂದೆ ಹಾದುಹೋಗುತ್ತಿದ್ದ ಹೆಂಗಸರ ಪ್ರತಿ ಮೊಬೈಲಿನ ಗಾಜಿನ ಮೇಲೂ ಒಂದು ಕೆಂಪು ಬೆರಳಚ್ಚು!

ಹಳದಿ-ಕುಂಕುಮದಲ್ಲಿ ಗಂಡಸರು ಕುಂಕುಮದ ಬಟ್ಟಲು ಮುಟ್ಟುವುದಿಲ್ಲ. ಆ ದಿನ ಬಟ್ಟಲಲ್ಲಿದ್ದದ್ದು ಒಂದೇ ಕೈ.

"ಅಮ್ಮಾ, ಒತ್ತಿದ್ದು ನೀನಾ?"

"ಮತ್ತೆಂತ? ಆ ಹುಡುಗ 'ಓದಿ ಒತ್ರಿ, ಬ್ಯಾಡಾದ್ರ ಬಿಡ್ರಿ' ಅಂತ ಪಾಠ ಮಾಡಿದ್ರೆ ಸಾಲು ಮುಗಿಯುದು ಯಾವಾಗ? ಕುಂಕುಮ ಹಚ್ಚಿದೆ, ಒತ್ತಿದೆ, ಕಳಿಸಿದೆ." ರತ್ನಾವತಿ ದನಿ ತಗ್ಗಿಸಿದರು. "ಯಾರಿಗೂ ಹೇಳ್ಬೇಡ. ಅವ ಹೇಗೂ ಹಾಳಾಗಿ ಆಯ್ತಲ್ಲ."

ಅಮ್ಮನ ಮಾನ ಉಳಿಸಬೇಕೆ? ಅವನದ್ದು ಮರಳಿಸಬೇಕೆ? ಎರಡೂ ಒಟ್ಟಿಗೆ ಆಗುವಂತಿರಲಿಲ್ಲ. ದಿಶಾ ಅತ್ತಳು, ಮುಖ ತೊಳೆದಳು, ಇನ್ನೊಂದು ವಿಡಿಯೋ ಮಾಡಿದಳು. 'ಒತ್ತಿದ್ದು ನನ್ನ ಅಮ್ಮ. ಸುಳ್ಳು ಹೇಳಿದ್ದು ನಾನು.'

ಸಂಘ ಅಧ್ಯಕ್ಷೆಯನ್ನು ಬದಲಿಸಿತು. ಅಮ್ಮ ಮಗಳೊಡನೆ ಮಾತು ಬಿಟ್ಟರು. ಎರಡು ವಿಡಿಯೋಗಳೂ ಒಂದೇ ವೇಗದಲ್ಲಿ ತೆರೆಯುತ್ತಿದ್ದವು, ಚಳವಳಿ ಗೆದ್ದಿತ್ತಲ್ಲ. ಎರಡನೆಯದನ್ನು ತೆರೆಯುವವರು ಮಾತ್ರ ಇರಲಿಲ್ಲ.

ಭಿವಂಡಿಯ ಒಂದು ಗೋದಾಮಿನಲ್ಲಿ ಪಾರ್ಸೆಲ್ ಎತ್ತಿಡುತ್ತಿದ್ದವನ ಮುಂದೆ ದಿಶಾ ಹೋಗಿ ನಿಂತಳು.

"ಯಾಕೆ ಸುಮ್ಮನಿದ್ರಿ ಅವತ್ತು?"

"ನಿಮ್ಮವ್ವನ ಹೆಸರು ಹೇಳಿದ್ರ ಅಷ್ಟೂ ಮಂದಿ ಅವರ್ನ ಬೈತಿದ್ರು. ನನಗ ರೂಢಿ ಅದ, ಸೇಲ್ಸ್‌ನ್ಯಾಗ ಇದ್ದಾಂವ." ಅವನು ಪೆಟ್ಟಿಗೆ ಕೆಳಗಿಟ್ಟ. "ಮತ್ತ... ಕೇಳಿದಾಕಿ ನೀವಿದ್ರಿ. ಬಾಯೇ ಬರಲಿಲ್ಲ."

"ನಾನು ನಿಮ್ಮನ್ನ ಪ್ರೀತಿಸ್ತಿದ್ದೆ, ಬಸವ್. ಅದಕ್ಕೇ ಅಷ್ಟು ಕೆಟ್ಟದಾಗಿ ಬೈದೆ. ಈಗಲೂ..."

ಅವನು ಪೆಟ್ಟಿಗೆಯನ್ನು ಕಾಲಿನಿಂದ ಬದಿಗೆ ಸರಿಸಿದ.

"ಎರಡನೇದು ಎಷ್ಟು ಮಂದಿ ನೋಡ್ಯಾರ?"

"ಮೂವತ್ತೋ ನಲವತ್ತೋ. ಅರ್ಧ ನಾನೇ."

"ಮದಲನೇದು?"

"ಅಳಿಸಿದೆ. ಬೇರೆಯವರ ಹತ್ರ ಉಂಟು. ಅದಿನ್ನು ಯಾವತ್ತೂ ಅಳಿಯೋದಿಲ್ಲ."

"ಹಂಗಾರ ಒಂದ್ ದಿನ ಮಕ್ಕಳೂ ನೋಡ್ತಾವ."

"ಯಾರ... ಮಕ್ಕಳು?"

ಅವನು ಅವಳ ಕಡೆ ನೋಡಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

"ಅವರ ಮುಂದ ಕೂತು ನೀವ ಹೇಳಬೇಕ್ರಿ, ಅವತ್ತ ಏನಾತು ಅಂತ. ನಾ ಹೇಳಾಂವಲ್ಲ."

"ಹೇಳ್ತೇನೆ," ಎಂದಳು ದಿಶಾ. "ಎಷ್ಟು ಸಲ ಕೇಳಿದ್ರೂ."