ಕೇಣಿಯ ಟ್ಯಾಂಕಿನ ನೀರು

"ಬಾಟಲಿ ಅದಲುಬದಲು ಮಾಡಿದಿರಾ?"

ಲ್ಯಾಬಿನ ಬಾಗಿಲಲ್ಲಿ ಸೂರಜ್ ಇನ್ನೂ ಚಪ್ಪಲಿ ಬಿಡುತ್ತಿದ್ದ. ಸಂಶೋಧಕಿ ಪ್ರಣತಿಯ ಪ್ರಶ್ನೆ ಅವನ ಮುಖಕ್ಕೇ ರಾಚಿತು.

ಎರಡು ತಿಂಗಳಿಂದ ಇಬ್ಬರೂ ಫೋನಿನಲ್ಲೇ ಮಾತನಾಡಿಕೊಂಡವರು. ಅವನು ಅಂಕೋಲೆ ಬಳಿಯ ಕೇಣಿಯಲ್ಲಿ ಪಂಚಾಯ್ತಿಯ ನೀರು ಬಿಡುವವನು. ವಾರಕ್ಕೆರಡು ಬಾಟಲಿ ತುಂಬಿ ಕಾರವಾರದ ಅವಳ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸುತ್ತಿದ್ದ: ಒಂದು ಬಾವಿಯದು, ಇನ್ನೊಂದು ಶೋಧಿಸಿದ್ದು. ನೀರಿನ ಮಾತು ಮುಗಿದ ಮೇಲೂ ಫೋನು ಇಡಲು ಇಬ್ಬರಿಗೂ ಮನಸ್ಸಾಗುತ್ತಿರಲಿಲ್ಲ.

ಮೊದಲ ಭೇಟಿಗೆ ಯಾವ ಚೂಡಿದಾರ ಎಂದು ಹಬ್ಬುವಾಡದ ಬಾಡಿಗೆ ಕೋಣೆಯಲ್ಲಿ ಎಷ್ಟು ಸಲ ಯೋಚಿಸಿದ್ದಳು! ಈಗ ನೋಡಿದರೆ... ಬಾಯಿಂದ ಬಂದದ್ದು ಇದು.

"ಇಲ್ಲ ಮೇಡಂ. ಚೀಟಿ ಅಂಟ್ಸೇ ಕಳ್ಸಿದ್ದು."

"ಹಾಗಾದರೆ ಬಾವಿ ನೀರಿಗಿಂತ ಶೋಧಿಸಿದ ನೀರಲ್ಲೇ ಸೀಸ ಜಾಸ್ತಿ ಹೇಗೆ? ಪ್ರತಿ ಸಲವೂ!"

ಕೇಣಿಯ ಟ್ಯಾಂಕಿಗೆ ಕೂರಿಸಿದ ಶೋಧಕಕ್ಕಾಗಿ ತೆಂಗಿನ ಕರಟದ ಇದ್ದಿಲನ್ನು ಆಮ್ಲದಲ್ಲಿ ನೆನೆಸಿ, ತೊಳೆದು, ಒಣಗಿಸಿ ಅವಳೇ ಹದ ಮಾಡಿದ್ದಳು. ನೀರಿನ ಸೀಸ ಅದಕ್ಕೆ ಅಂಟಿಕೊಳ್ಳಬೇಕು. ಲ್ಯಾಬಿನಲ್ಲಿ ಅಂಟುತ್ತಿತ್ತು, ಕೇಣಿಯಲ್ಲಿ ಇಲ್ಲ! ಇನ್ನೊಂದು ಸಲ ಹೀಗಾದರೆ ಪ್ರಾಜೆಕ್ಟ್ ಮುಚ್ಚುವುದಾಗಿ ಅವಳ ಸಂಶೋಧನೆಯ ಗೈಡ್ ಹೇಳಿಬಿಟ್ಟಿದ್ದರು. ಮುಚ್ಚಿದರೆ ಅವಳು ಊರು ಬಿಡಬೇಕು. ಆಮೇಲೆ ಫೋನಿಗೂ ನೆಪವಿಲ್ಲ.

"ನಿಮಗಿದು ಬರೀ ಬಾಟಲಿ ತುಂಬೋ ಕೆಲಸ," ಎಂದಳು.

ಅವನು ಚಪ್ಪಲಿ ಮೆಟ್ಟಿಕೊಂಡ. "ನಾಳೆ ನೀವೇ ಬಂದು ತುಂಬ್ಕಣಿ."

ಛೇ... ಯಾಕೆ ಹಾಗಂದೆ? ಎಂದುಕೊಂಡಳು ಪ್ರಣತಿ.

ಮರುದಿನ ಟ್ಯಾಂಕಿನ ಬಳಿ ಅವನ ತಾಯಿ ಹೀರಾ ಕೊಡ ಹಿಡಿದು ನಿಂತಿದ್ದರು. "ಇವ್ಳೇ ಏನಾ? ಫೋನಲ್ಲಿ ನಗಾಡ್ಸುವವ್ಳು?"

"ಅಮ್ಮಾ, ನೀ ಮನೆಗೆ ಹೋಗು ಮಾರಾಯ್ತಿ!"

ಸೂರಜ್ ಬಾಟಲಿಗೆ ದಾರ ಕಟ್ಟಿದ. ಕಿಸೆಯಿಂದ ಬೂದು ಬಣ್ಣದ ಗುಂಡೊಂದನ್ನು ತೆಗೆದು ಬಾಟಲಿಯೊಳಗೆ ಹಾಕಿದ.

"ನಿಲ್ಲಿ! ಅದೇನು?"

"ಮೀನಿನ ಬಲೆಯ ಗುಂಡು. ತಳದ ನೀರೇ ಬೇಕು ಅಂದಿದ್ರಲ್ಲ? ಬರೀ ಬಾಟ್ಲಿ ತೇಲ್ತದೆ. ಮುಳುಗ್ಸೂಕೆ ನಾವು ಇದನ್ನೇ ಹಾಕೂದು. ಸಂಜೆ ತುಂಬಿ, ಬೆಳಿಗ್ಗೆ ಇದನ್ನ ತೆಗ್ದು ಬಸ್ಸಿಗೆ ಕೊಡ್ತಿದ್ದೆ."

"ಅದು ಯಾವುದರದ್ದು, ಸೂರಜ್?"

"ಸೀಸ..." ಅವನ ಕೈ ಅಲ್ಲೇ ನಿಂತಿತು. "ಅಯ್ಯೋ ದೇವ್ರೇ!"

ರಾತ್ರಿಯಿಡೀ ಗುಂಡು ನೀರಿನಲ್ಲೇ! ಬಾವಿಯ ನೀರನ್ನು ಕೊಡದಿಂದ ಸುರಿಯುತ್ತಿದ್ದ. ಅದಕ್ಕೆ ಗುಂಡು ಬೇಕಿರಲಿಲ್ಲ.

ಅಳಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಎರಡು ತಿಂಗಳು ಹಾಳು! ಇದ್ದಿಲನ್ನು ನೂರು ಸಲ ಪರೀಕ್ಷಿಸಿದವಳು, ಬಾಟಲಿ ತುಂಬುವುದನ್ನು ಒಂದು ಸಲವೂ ಬಂದು ನೋಡಿರಲಿಲ್ಲ...

"ತಪ್ಪು ನನ್ನದೂ ಹೌದು," ಎಂದಳು ಮೆಲ್ಲಗೆ.

ಹೊಸ ಬಾಟಲಿಯನ್ನು ಕೋಲಿಗೆ ಕಟ್ಟಿ, ಇಬ್ಬರೂ ಹಿಡಿದು ತಳಕ್ಕೆ ಒತ್ತಿದರು.

ನಾಲ್ಕನೇ ದಿನ ವರದಿ ಬಂತು. ಸೀಸ ಮಿತಿಗಿಂತ ಎಷ್ಟೋ ಕೆಳಗೆ! ಗೈಡ್ ಸಹಿ ಹಾಕಿದರು. ಅವಳು ಫೋನು ಮಾಡಲಿಲ್ಲ. ಅಂಕೋಲೆಯ ಬಸ್ಸು ಹತ್ತಿ ಕೇಣಿಯ ಟ್ಯಾಂಕಿನ ಬಳಿ ಬಂದಳು.

"ಗೆದ್ದೆವು, ಸೂರಜ್! ಇನ್ನು ಊರವರು ಕುಡಿಯಬಹುದು."

"ನಾ ಮೊದ್ಲಿಂದ್ಲೂ ಈ ಟ್ಯಾಂಕಿನ ನೀರನ್ನೇ ಕುಡೀತೆ."

"ಏನು? ಕೆಟ್ಟ ವರದಿ ಬಂದಾಗಲೂ? ಹುಚ್ಚಾ ನಿಮಗೆ?"

"ನಿಮ್ಮ ಕೈಯಿಂದ ಆದದ್ದು ಹಾಳಾಗೂಕಿಲ್ಲ ಅಂತ ಗೊತ್ತಿತ್ತು."

ಅವಳ ಕಣ್ಣು ತುಂಬಿತು. "ನಂಬೋಕೂ ಒಂದು ಮಿತಿ ಬೇಡವಾ?"

"ಮಿತಿಯೆಲ್ಲ ನಿಮ್ಮ ಲ್ಯಾಬಲ್ಲಿರ್ಲಿ." ಅವನ ದನಿ ತಗ್ಗಿತು. "ನನ್ನ ಹತ್ರ ಇಲ್ಲ... ನಿಮ್ಮ ವಿಷ್ಯದಲ್ಲಿ."

ಅವಳು ಕಣ್ಣೊರೆಸಿಕೊಂಡಳು.

"ಮುಂದಿನ ವಾರವೂ ಬರ್ತೇನೆ," ಎಂದಳು.

"ನೀರು ತುಂಬೂಕಾ?"

"ನೀರು ನೀವೇ ತುಂಬಿ. ನಾನು ನಿಮ್ಮನ್ನು ನೋಡೋಕೆ ಬರೋದು."