ಟವೆಲ್ ಕೆಳಗಿನ ಐವತ್ತು

ಬೆಳಿಗ್ಗೆ ಏಳೂಕಾಲು. ನನ್ನ ಐದೂ ಬೆರಳು ದಲಾಲ ಮಲಕಾಜಪ್ಪನ ಮುಷ್ಟಿಯಲ್ಲಿದ್ದವು.

ಮೇಲೆ ಸೊಲ್ಲಾಪುರದ ಟವೆಲ್. ನನ್ನ ಬೆನ್ನ ಹಿಂದೆ ಅವನ ಬಂಟ ಸೂರಜ... ಕೈಯಲ್ಲಿ ಕುಡಗೋಲು!

ಅಕ್ಕಲಕೋಟ ರಸ್ತೆಯ ದನದ ಸಂತೆ ನಿಮಗೆ ಗೊತ್ತಿಲ್ಲದಿದ್ದರೆ ಕೇಳಿ. ಇಲ್ಲಿ ದರವನ್ನು ಬಾಯಲ್ಲಿ ಆಡುವುದಿಲ್ಲ. ದಲಾಲ ಟವೆಲ್ ಕೆಳಗೆ ಗಿರಾಕಿಯ ಬೆರಳು ಹಿಡಿಯುತ್ತಾನೆ. ಒಂದು ಬೆರಳಿಗೆ ಹತ್ತು ಸಾವಿರ. ಮಾರುವವರಿಗೆ ದಲಾಲ ಹೇಳಿದ್ದೇ ದರ. ಹೆಂಗಸರಂತೂ ಆ ಟವೆಲ್ ಕೆಳಗೆ ಕೈ ಹಾಕುವಂತಿಲ್ಲ.

ಚಪಳಗಾಂವದ ಗುರುಬಾಯಿಯ ಎಮ್ಮೆ ಹೋದ ವರ್ಷ ಹೀಗೇ ಅರ್ಧ ದರಕ್ಕೆ ಹೋಯಿತು. ಉಳಿದರ್ಧ ದಲಾಲನ ಜೇಬಿಗೆ. ಕೊಂಡವನನ್ನು ಹುಡುಕಿ, ಅವನು ಕೊಟ್ಟ ಅಸಲಿ ದರ ಬಯಲಿಗೆ ತಂದವನು ನಾನು. ಪತ್ತೆ ಮಾಡೋದೇ ನನ್ನ ಧಂದೆ. ಮಲಕಾಜಪ್ಪ ನನ್ನನ್ನು ಟೆಂಪೋ ಹಿಂದೆ ಎಳೆದೊಯ್ದು ಕಿರುಬೆರಳು ಮುರಿದ.

"ಸಾಕ್ಷಿ ಯಾರದಾರೋ?" ಅಂದಿದ್ದ.

ಯಾರೂ ಇರಲಿಲ್ಲ.

ಇವತ್ತು ನಾನು ಮೀಸೆ ಬೋಳಿಸಿ, ರುಮಾಲು ಸುತ್ತಿ ಬಂದ ಗಿರಾಕಿ. ಮಾರಾಟಕ್ಕಿದ್ದ ಎತ್ತು ಗುರುಬಾಯಿಯದು; ಅವಳು ಪಕ್ಕದಲ್ಲೇ ನಿಂತಿದ್ದಳು.

ಐದು ಬೆರಳು ಕೊಟ್ಟೆ. ಮಲಕಾಜಪ್ಪ ಅವಳ ಕಡೆ ತಿರುಗಿದ.

"ಮೂವತ್ತಕ್ಕ ಕೇಳಾಕತ್ಯಾನ ಅಕ್ಕಾ. ಬಾಜಾರ ಭಾಳ ಡೌನ್ ಐತಿ."

"ಎಷ್ಟಪಾ? ಜೋರ್ ಹೇಳು. ನನಗ ಕಿವಿ ಮಂದ."

"ಮೂವತ್ತು!" ಸಂತೆಗೆಲ್ಲ ಕೇಳುವ ಹಾಗೆ ಕೂಗಿದ.

ಆಗ ಅವನ ಹೆಬ್ಬೆರಳು ನನ್ನ ಕಿರುಬೆರಳ ಮೇಲೆ ನಿಂತಿತು. ಸೊಟ್ಟ ಗಂಟು! ಅವನೇ ಮುರಿದದ್ದು. ಕಣ್ಣಿಗೆ ಮೋಸ ಮಾಡಬಹುದು... ದಲಾಲನ ಕೈಗೆ ಆಗೋದಿಲ್ಲ.

"ಶಿವಶರಣಾ! ಮೀಸಿ ಎಲ್ಲಿ ಬಿಟ್ಟಿಯೋ?" ಮೆಲ್ಲಗೆ ನಕ್ಕ. ಮುಷ್ಟಿ ಬಿಗಿದ. "ಇನ್ನೊಮ್ಮಿ ಮುರೀಲೇನು?"

"ಮುರಿ. ಆದರ ಕೈ ಬಿಡಬ್ಯಾಡ."

ಲಟಕ್!

ಕಣ್ಣಲ್ಲಿ ನೀರು ಬಂತು. ಎಡಗೈಯಿಂದ ಟವೆಲ್ ಕಿತ್ತೆಸೆದೆ.

ಸಂತೆ ನೋಡಿತು. ಅವನ ಮುಷ್ಟಿಯಲ್ಲಿ ನನ್ನ ಐದೂ ಬೆರಳು.

"ಪನ್ನಾಸ ಆಹೇ!" ಯಾರೋ ಕೂಗಿದರು. "ಐವತ್ತು! ಅಕ್ಕಗ ಮೂವತ್ತು ಅಂದಾನ, ಕಳ್ಳ!"

"ಈಗ ಕಿವಿ ಛಲೋ ಕೇಳಾಕತ್ತಾವ ನೋಡು," ಅಂದಳು ಗುರುಬಾಯಿ.

ಸೂರಜ ಕುಡಗೋಲು ಎತ್ತಿದ... ಸುತ್ತ ನೋಡಿದ. ಎಲ್ಲ ಕಡೆ ಬಾರುಕೋಲು! ಕುಡಗೋಲು ಎಸೆದು ಓಡಿದ.

ಮಲಕಾಜಪ್ಪನೂ ಓಡಲು ನೋಡಿದ. ಆಗಲಿಲ್ಲ. ಈಗ ಅವನ ಕೈ ನನ್ನ ಮುಷ್ಟಿಯಲ್ಲಿತ್ತು. ಬಾರುಕೋಲುಗಳು ಹತ್ತಿರ ಬರುವವರೆಗೂ ಬಿಡಲಿಲ್ಲ.

ಎತ್ತು ಅಲ್ಲೇ, ಬಾಯಿಮಾತಿನಲ್ಲೇ, ಐವತ್ತೆರಡಕ್ಕೆ ಹೋಯಿತು.

ಸೊಲ್ಲಾಪುರದ ಡಾಕ್ಟರ್ ಪಟ್ಟಿ ಕಟ್ಟಿದರು. ಬೆರಳು ಈ ಸಲ ನೆಟ್ಟಗೆ ಕೂಡಿತು.